ಪದಶೋಧವೂ ಪಠ್ಯವಾಚನವೂ: ಅಂತರ್ಜಾಲದಲ್ಲಿ ವಚನಸಾಹಿತ್ಯ

ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳನ್ನು ಕರ್ನಾಟಕ ಸರ್ಕಾರವು 1993ರಲ್ಲಿ ಪ್ರಕಟಿಸಿತು. ಇವೆಲ್ಲವೂ ಒಂದೆಡೆ ದೊರೆಯುವುದು ಹೊರನಾಡಿನ ಸಂಶೋಧಕನಿಗೆ ಸುಲಭದ ಮಾತಾಗಿರಲಿಲ್ಲ. ಇಂದು 'ವಚನ ಸಂಚಯ'ದಂತಹ ಜಾಲತಾಣದಲ್ಲಿ ಪದವೊಂದನ್ನು ನಮೂದಿಸಿದೊಡನೆ ಅದು ಬರುವ ವಚನಗಳು ಕಣ್ಣೆದುರು ನಿಲ್ಲುತ್ತವೆ. ಮುಂಬಯಿ, ದೆಹಲಿಗಳಲ್ಲಿ ಕುಳಿತು ಕನ್ನಡದ ಕೆಲಸ ಮಾಡುವವರಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಸೌಲಭ್ಯವು ಓದಿನ ಸ್ವರೂಪವನ್ನೇ ಬದಲಿಸಿದೆ. ಒಂದು ಪದವನ್ನು ಅರಸಿ ಸಂಪುಟವನ್ನು ಓದಿದವನಿಗೆ ತಾನು ಅರಸದ ಹತ್ತು ಸಂಗತಿಗಳೂ ಎದುರಾಗುತ್ತಿದ್ದವು. ಈಗ ಕೇಳಿದ್ದಷ್ಟೇ ದೊರೆಯುತ್ತದೆ. ಇದಕ್ಕಿಂತ ಗಂಭೀರವಾದ ಅಪಾಯ ಬೇರೊಂದಿದೆ: ಶೋಧದಲ್ಲಿ ಸಿಗದುದು ಪಠ್ಯದಲ್ಲಿಯೇ ಇಲ್ಲವೆಂದು ತೀರ್ಮಾನಿಸುವ ಪ್ರವೃತ್ತಿ.

ಸಾಮಾನ್ಯ ಶೋಧದಲ್ಲಿ ಯಂತ್ರವು ಹೋಲಿಸುವುದು ಅಕ್ಷರಗಳ ಸಾಲನ್ನೇ ಹೊರತು ಪದವನ್ನಲ್ಲ. ಕನ್ನಡದ ಪದವಾದರೋ ಸಂಧಿಯಲ್ಲಿ ರೂಪ ಬದಲಿಸುತ್ತದೆ. 'ಕಾಲ' ಎಂದು ಹುಡುಕಿದವನಿಗೆ 'ಮಳೆಗಾಲ' ಸಿಗದು. 'ತಾವರೆ' ಎಂದವನಿಗೆ 'ಬೆಟ್ಟದಾವರೆ' ಸಿಗದು. 'ಕಂಬನಿ'ಯೊಳಗೆ 'ಕಣ್' ಮತ್ತು 'ಪನಿ' ಇವೆಯೆಂಬುದು ವ್ಯಾಕರಣ ಬಲ್ಲವನಿಗೆ ಮಾತ್ರ ಕಾಣುತ್ತದೆ. ಹಳಗನ್ನಡದ 'ಪಾಲ್' ಮುಂದೆ 'ಹಾಲು' ಆಯಿತೆಂಬುದೂ ಹೀಗೆಯೇ. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಬಸವಣ್ಣನವರ ವಚನಗಳಲ್ಲಿ 'ದೇವ' ಶಬ್ದವು ಎಷ್ಟು ಬಾರಿ ಬರುತ್ತದೆಂದು ಅಕ್ಷರಸಾಲನ್ನು ಹಿಡಿದು ಎಣಿಸಿದರೆ, 'ಕೂಡಲಸಂಗಮದೇವ' ಎಂಬ ಅಂಕಿತವೂ ಆ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಅಂಕಿತವು ವಚನದ ಮುದ್ರೆ. ಅದನ್ನು ಶಬ್ದಪ್ರಯೋಗದ ಆವರ್ತನವೆಂದು ಭಾವಿಸಿ ಕಟ್ಟಿದ ವಾದ ನಿಲ್ಲಲಾರದು. ಒಂದೆಡೆ ಇದ್ದುದು ಕಾಣದೆ ಹೋಗುತ್ತದೆ, ಇನ್ನೊಂದೆಡೆ ಇಲ್ಲದುದು ಇದ್ದಂತೆ ತೋರುತ್ತದೆ.

ಹೀಗಾಗಿ ಕೇಶಿರಾಜನ 'ಶಬ್ದಮಣಿದರ್ಪಣ'ದ ಸಂಧಿಪ್ರಕರಣವು ಗಣಕಯಂತ್ರದ ಕಾಲದಲ್ಲಿ ಅಪ್ರಸ್ತುತವಾಗಿಲ್ಲ. ಯಾವ ಯಾವ ರೂಪಗಳನ್ನು ಕೇಳಬೇಕೆಂದು ತಿಳಿಸುವುದು ಅದೇ ವಿದ್ಯೆ. ವ್ಯಾಕರಣವನ್ನು ಪರೀಕ್ಷೆಗಷ್ಟೇ ಓದಿಸುವ ನಮ್ಮ ಪಾಠಕ್ರಮ ಈ ಸಂಬಂಧವನ್ನು ಗುರುತಿಸಬೇಕು. ಶಬ್ದಪ್ರಯೋಗವನ್ನು ಆಧರಿಸಿದ ಪ್ರಬಂಧಗಳಲ್ಲಿ ಯಾವ ಪಠ್ಯದಲ್ಲಿ, ಯಾವ ರೂಪಗಳನ್ನು ಹುಡುಕಲಾಯಿತು, ಅಂಕಿತಗಳನ್ನು ಎಣಿಕೆಯಿಂದ ಬಿಡಲಾಯಿತೇ ಎಂಬುದನ್ನು ಸ್ಪಷ್ಟವಾಗಿ ಹೇಳುವ ಪದ್ಧತಿ ಬೆಳೆಯಬೇಕು. ದೊರೆತ ಪ್ರತಿಯೊಂದು ಪ್ರಯೋಗವನ್ನೂ ಇಡೀ ವಚನದ ಸಂದರ್ಭದಲ್ಲಿಟ್ಟು ಓದಬೇಕು.

ಹೊರನಾಡಿನಲ್ಲಿರುವ ನಮಗೆ ಗ್ರಂಥಗಳ ಅಭಾವವೆಂಬ ನೆಪ ಇನ್ನು ಹಿಂದಿನಷ್ಟು ಸಲ್ಲದು. ಉಳಿದಿರುವುದು ಓದಿನ ಹೊಣೆ. ಯಂತ್ರವು ವಚನವನ್ನು ನಮ್ಮ ಮುಂದೆ ತಂದಿಡಬಲ್ಲದು. ಅದರ ಅರ್ಥಕ್ಕೆ ಉತ್ತರವಾದಿಗಳು ನಾವೇ.