ಐಸ್‌ಫಾಲ್ ದಾಟುವ ಹೊರೆ

ಕೆಳಗೆ ಹಿಮದ ಬಿರುಕು. ಅದರ ಮೇಲೆ ಅಡ್ಡ ಮಲಗಿಸಿದ ಅಲ್ಯೂಮಿನಿಯಂ ಏಣಿ. ಒಂದು ಏಣಿ ಸಾಲದ ಕಡೆ ಎರಡು ಮೂರನ್ನು ಹಗ್ಗದಿಂದ ಬಿಗಿದು ಜೋಡಿಸಿರುತ್ತಾರೆ. ಬೂಟಿಗೆ ಕಟ್ಟಿದ ಕ್ರ್ಯಾಂಪಾನಿನ ಉಕ್ಕಿನ ಹಲ್ಲುಗಳು ಮೆಟ್ಟಿಲುಗಳ ಸಂದಿಗೆ ಸರಿಯಾಗಿ ಕೂರುವಂತೆ ನೋಡಿ ನೋಡಿ ಕಾಲಿಡಬೇಕು. ನಡುವಿಗೆ ಬಂದಾಗ ಏಣಿ ಜಗ್ಗುತ್ತದೆ. ಹಿಡಿದುಕೊಳ್ಳಲು ಎರಡೂ ಬದಿಗೆ ಒಂದೊಂದು ಹಗ್ಗ, ಅಷ್ಟೇ. ಹಣೆಗೆ ಕಟ್ಟಿದ ದೀಪದ ಬೆಳಕು ಬಿರುಕಿನ ತಳ ಮುಟ್ಟುವುದಿಲ್ಲ.

ನೇಪಾಳದ ಕಡೆಯಿಂದ ಎವರೆಸ್ಟ್ ಹತ್ತುವವರು ಸುಮಾರು 5,300 ಮೀಟರ್ ಎತ್ತರದ ಬೇಸ್ ಕ್ಯಾಂಪ್ ಬಿಟ್ಟ ಕೂಡಲೇ ಎದುರಾಗುವ ಖುಂಬು ಐಸ್‌ಫಾಲ್ ಇದು. ಕಡಿದಾದ ಇಳಿಜಾರಿಗೆ ಬಿದ್ದ ಹಿಮನದಿ ಮನೆ ಗಾತ್ರದ ತುಂಡುಗಳಾಗಿ ಒಡೆದು ಜಾರುತ್ತಲೇ ಇರುತ್ತದೆ. ನಿನ್ನೆಯ ದಾರಿ ಇವತ್ತು ಇರಬೇಕೆಂದೇನಿಲ್ಲ. ಬಿಸಿಲೇರಿದರೆ ಹಿಮ ಸಡಿಲವಾಗುತ್ತದೆಂದು ನಡುರಾತ್ರಿ ಕಳೆದ ಮೇಲೆ ಹೊರಡುತ್ತಾರೆ. ಪ್ರತಿ ವಸಂತದಲ್ಲಿ ಎಲ್ಲರಿಗಿಂತ ಮೊದಲು ಬಂದು ಏಣಿ ಹಗ್ಗ ಕಟ್ಟಿ, ಋತು ಮುಗಿಯುವವರೆಗೂ ದುರಸ್ತಿ ಮಾಡುತ್ತಿರುವ ಶೆರ್ಪಾ ತಂಡಕ್ಕೆ ‘ಐಸ್‌ಫಾಲ್ ಡಾಕ್ಟರ್’ ಎಂದೇ ಹೆಸರು.

ಎವರೆಸ್ಟ್ ಆರೋಹಣದ ಬೆಲೆ ಕಟ್ಟಬೇಕಾದದ್ದು ಇಲ್ಲಿ ನಿಂತು ಎಂಬುದು ನನ್ನ ವಾದ. 2019ರ ಮೇ ತಿಂಗಳಲ್ಲಿ ಪರ್ವತಾರೋಹಿ ನಿರ್ಮಲ್ ಪುರ್ಜಾ ತೆಗೆದ ಚಿತ್ರ, ಶಿಖರದಡಿಯ ಕಿರಿದಾದ ಅಂಚಿನ ಮೇಲೆ ಒಬ್ಬರ ಬೆನ್ನಿಗೊಬ್ಬರು ನಿಂತ ಆ ಸರತಿ ಸಾಲು, ಲೋಕವನ್ನೆಲ್ಲ ಸುತ್ತಿತು. ಜನಜಂಗುಳಿ, ಕಸ, ಅನುಭವವಿಲ್ಲದವರ ನುಗ್ಗಾಟ ಎಂದು ಟೀಕೆಗಳು ಬಂದವು. ಅವು ಸುಳ್ಳಲ್ಲ. ಆದರೆ ಟೀಕಿಸುವವರ ಕಣ್ಣೂ ಶಿಖರದ ಮೇಲೆಯೇ ನೆಟ್ಟಿತ್ತು. ಆ ಸಾಲಿನಲ್ಲಿ ನಿಂತವರ ಮುಖವಾಡಕ್ಕೆ ಹೋಗುವ ಆಮ್ಲಜನಕ ಅಲ್ಲಿಗೆ ಹೇಗೆ ಬಂತು? ತುಂಬಿದ ಒಂದೊಂದು ಸಿಲಿಂಡರೂ ಮೂರು ನಾಲ್ಕು ಕಿಲೋ ತೂಗುತ್ತದೆ. ಅದು ಯಾರದೋ ಬೆನ್ನ ಮೇಲೆ ಐಸ್‌ಫಾಲ್ ದಾಟಿ, ಪಕ್ಕದ ಲೋತ್ಸೆ ಶಿಖರದ ಹಿಮಗೋಡೆ ಹತ್ತಿ, ಸುಮಾರು 7,900 ಮೀಟರಿನ ಸೌತ್ ಕೋಲ್ ಕ್ಯಾಂಪ್ ತಲುಪಿರುತ್ತದೆ.

ಗಿರಾಕಿಗಳ ಅಪಾಯ ತಗ್ಗಿಸಲು ಈಗ ಹಲವು ಉಪಾಯಗಳಿವೆ. ಐಸ್‌ಫಾಲಿನಲ್ಲಿ ಹತ್ತಿ ಇಳಿದು ಮೈ ಪಳಗಿಸುವ ಬದಲು ಪಕ್ಕದ ಲೊಬುಚೆ ಶಿಖರ ಹತ್ತಿಸುತ್ತಾರೆ. ಕೆಲವರು ಆಮ್ಲಜನಕ ಕಡಿಮೆಯಿರುವ ಡೇರೆಯಲ್ಲಿ ಮನೆಯಲ್ಲೇ ಮಲಗಿ ಸಿದ್ಧರಾಗಿ ಬರುತ್ತಾರೆ. ಇದನ್ನು ತಪ್ಪೆನ್ನಲಾರೆ, ಜೀವ ಎಲ್ಲರದೂ ಜೀವವೇ. ಆದರೆ ಸವಲತ್ತು ಹೆಚ್ಚಿದಷ್ಟೂ ಹೊರೆ ಹೆಚ್ಚುತ್ತದೆ. ಎರಡನೇ ಕ್ಯಾಂಪಿನಲ್ಲಿ ಊಟದ ಡೇರೆ, ಒಬ್ಬೊಬ್ಬರಿಗೂ ಹೆಚ್ಚುವರಿ ಸಿಲಿಂಡರ್ ಎಂದರೆ ಹೊರುವವನಿಗೆ ಮತ್ತೊಂದು ರಾತ್ರಿಯ ಏಣಿ. ಗಿರಾಕಿ ಬೆರಳೆಣಿಕೆಯ ಸಲ ದಾಟುವ ಜಾಗವನ್ನು ಆತ ಒಂದೇ ಋತುವಿನಲ್ಲಿ ಹತ್ತಾರು ಸಲ ದಾಟುತ್ತಾನೆ.

2014ರ ಏಪ್ರಿಲ್ 18ರ ಬೆಳಗ್ಗೆ ಮೇಲಿನ ಕ್ಯಾಂಪುಗಳಿಗೆ ಸಾಮಾನು ಹೊತ್ತು ಹೊರಟವರ ಮೇಲೆ ಎವರೆಸ್ಟಿನ ಪಶ್ಚಿಮ ಭುಜದಿಂದ ಹಿಮದ ಬಂಡೆ ಕಳಚಿ ಬಿತ್ತು. ಸತ್ತ 16 ಮಂದಿಯೂ ನೇಪಾಳದ ಕೆಲಸಗಾರರು. ಮೂವರ ದೇಹ ಸಿಗಲೇ ಇಲ್ಲ. ಸರ್ಕಾರ ತಕ್ಷಣಕ್ಕೆ ಘೋಷಿಸಿದ್ದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ, ಆಗಿನ ಲೆಕ್ಕದಲ್ಲಿ ಸುಮಾರು 400 ಡಾಲರ್. ಒಬ್ಬ ವಿದೇಶಿ ಆರೋಹಿಯ ಪರವಾನಗಿಗೆ ಅದೇ ಸರ್ಕಾರ ಪಡೆಯುತ್ತಿದ್ದದ್ದು 10,000 ಡಾಲರ್‌ಗೂ ಕಡಿಮೆಯಲ್ಲ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಶೆರ್ಪಾಗಳು ಆ ವರ್ಷ ಮತ್ತೆ ಮೇಲೆ ಹೋಗಲು ಒಪ್ಪಲಿಲ್ಲ. ಋತು ಅಲ್ಲಿಗೇ ನಿಂತಿತು. ಆಮೇಲೆ ವಿಮೆಯ ಮೊತ್ತ ಏರಿತು, ದಾರಿಯನ್ನು ಐಸ್‌ಫಾಲಿನ ನಡುಭಾಗಕ್ಕೆ ಸರಿಸಿದರು. 2023ರ ಏಪ್ರಿಲ್‌ನಲ್ಲಿ ಅದೇ ಐಸ್‌ಫಾಲಿನಲ್ಲಿ ಇನ್ನೂ ಮೂವರು ಶೆರ್ಪಾಗಳು ಹಿಮದಡಿ ಹೋದರು.

ಹಾಗಾದರೆ ಹತ್ತುವುದನ್ನೇ ನಿಲ್ಲಿಸಬೇಕೆ? ಶೆರ್ಪಾ ಎನ್ನುವುದು ಒಂದು ಜನಾಂಗದ ಹೆಸರು, ಕೆಲಸದ ಹೆಸರಲ್ಲ; ಆದರೆ ಖುಂಬು ಕಣಿವೆಯ ಎಷ್ಟೋ ಮನೆಗಳ ಒಲೆ, ಮಕ್ಕಳ ಓದು ಈ ಎರಡು ತಿಂಗಳ ದುಡಿಮೆಯ ಮೇಲೆ ನಿಂತಿದೆ. ದೂರದಲ್ಲಿ ಕೂತು ಅದನ್ನು ನಿಲ್ಲಿಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಎತ್ತರದ ಆಸೆಯನ್ನೂ ನಾನು ಹಳಿಯಲಾರೆ. 1980ರ ಆಗಸ್ಟ್ 20ರಂದು ಟಿಬೆಟ್ ಕಡೆಯಿಂದ, ಸಿಲಿಂಡರ್ ಇಲ್ಲದೆ, ತನ್ನ ಡೇರೆ ತಾನೇ ಹೊತ್ತು ಒಬ್ಬನೇ ಶಿಖರ ಮುಟ್ಟಿದ ರೈನ್‌ಹೋಲ್ಡ್ ಮೆಸ್ನರ್‌ನ ಸಾಹಸ ಇವತ್ತಿಗೂ ರೋಮಾಂಚನ ಹುಟ್ಟಿಸುತ್ತದೆ. ಅಲ್ಲಿ ಪಣಕ್ಕಿಟ್ಟದ್ದು ಅವನದೇ ಜೀವ. ಎಲ್ಲರೂ ಮೆಸ್ನರ್ ಆಗಬೇಕಿಲ್ಲ. ಆದರೆ ‘ನಾನು ಎವರೆಸ್ಟ್ ಏರಿದೆ’ ಎಂಬ ವಾಕ್ಯದಲ್ಲಿ ಕರ್ತೃ ಒಬ್ಬನೇ ಇರುವುದು ನನಗೆ ಒಪ್ಪಿಗೆಯಿಲ್ಲ. 1953ರ ಮೇ 29ರಂದು ಎಡ್ಮಂಡ್ ಹಿಲರಿಯೊಡನೆ ಮೊದಲ ಬಾರಿಗೆ ಶಿಖರ ಏರಿದ ತೇನ್‌ಸಿಂಗ್ ನೋರ್ಗೆಯನ್ನು ಆಮೇಲೆ ಜನ ಕಾಡಿದ್ದು ಒಂದೇ ಪ್ರಶ್ನೆಯಿಂದ: ಮೊದಲು ಕಾಲಿಟ್ಟವರು ಯಾರು? ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹತ್ತಿದವರಿಗೆ ಅದು ಅರ್ಥವಿಲ್ಲದ ಪ್ರಶ್ನೆಯಾಗಿತ್ತು. ಕೊನೆಗೆ ಆತ, ಹಿಲರಿ ಮೊದಲು, ತಾನು ಅವನ ಹಿಂದೆ ಎಂದು ತನ್ನ ಆತ್ಮಕಥೆಯಲ್ಲಿ ಹೇಳಿಬಿಡಬೇಕಾಯಿತು.

ಈಚೆಗೆ ಬೇಸ್ ಕ್ಯಾಂಪಿನಿಂದ ಮೊದಲ ಕ್ಯಾಂಪಿಗೆ ಡ್ರೋನ್ ಹಾರಿಸಲು ಶುರುಮಾಡಿದ್ದಾರೆ. ಏಣಿ, ಹಗ್ಗ, ಸಿಲಿಂಡರ್‌ಗಳನ್ನು ಮೇಲಕ್ಕೆ ಒಯ್ಯುತ್ತದೆ, ಬರುವಾಗ ಕಸ ಹೊತ್ತು ತರುತ್ತದೆ. ಆಳಿಗೆ ಗಂಟೆಗಟ್ಟಲೆ ಹಿಡಿಯುವ ದಾರಿ ಅದಕ್ಕೆ ಕೆಲವೇ ನಿಮಿಷದ್ದು. ಶಿಖರದ ದಾಖಲೆಗಳ ಸುದ್ದಿಗಿಂತ ಈ ಸುದ್ದಿಯನ್ನು ನಾನು ಹೆಚ್ಚು ಆಸೆಯಿಂದ ಓದುತ್ತೇನೆ. ಒಂದು ಹೊರೆ ಹಾರಿಹೋದರೆ, ಒಬ್ಬನಿಗೆ ಆ ರಾತ್ರಿ ಏಣಿ ದಾಟುವುದು ತಪ್ಪುತ್ತದೆ.