ಓತಿಯ ಬೆನ್ನು ಹತ್ತಿದ ದೊಡ್ಡವರು

ಯಶವಂತ ಚಿತ್ತಾಲರ ‘ಶಿಕಾರಿ’ ಬಂದದ್ದು 1979ರಲ್ಲಿ. ಮರುವರ್ಷ, 1980ರಲ್ಲಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಬಂತು. ಎರಡೂ ಬೇಟೆಯ ಕತೆಗಳೇ. ಚಿತ್ತಾಲರ ನಾಗಪ್ಪ ಮುಂಬಯಿಯ ದೊಡ್ಡ ಕಂಪನಿಯ ಅಧಿಕಾರಿ. ನೌಕರಿಯಿಂದ ಅಮಾನತಾದ ಮೇಲೆ ಅವನಿಗೆ ಸುತ್ತಲಿನ ಪ್ರತಿ ಮುಖವೂ ಪಿತೂರಿಯಂತೆ ಕಾಣತೊಡಗುತ್ತದೆ. ಅಲ್ಲಿ ಬೇಟೆಗೆ ಸಿಕ್ಕ ಪ್ರಾಣಿ ಮನುಷ್ಯನೇ. ತೇಜಸ್ವಿಯವರ ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿ, ಒಬ್ಬ ರೈತ, ಜೇನು ಬಲ್ಲ ಒಬ್ಬ ಹಳ್ಳಿ ಹುಡುಗ, ಒಬ್ಬ ಹಾವು ಹಿಡಿಯುವವ, ಒಬ್ಬ ಫೋಟೋ ತೆಗೆಯುವವ, ಬಿರಿಯಾನಿಗೆ ಹೆಸರಾದ ಇನ್ನೊಬ್ಬ ಹಾಗೂ ಒಂದು ನಾಯಿ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಘಟ್ಟದ ಕಾಡಿಗೆ ನುಗ್ಗುತ್ತಾರೆ. ದೊಡ್ಡವರು ಮಾಡುವ ಕೆಲಸವೇ ಇದು ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಗೆ ಅಂಜದೆ, ಇದು ದೊಡ್ಡವರೇ ಮಾಡಬೇಕಾದ ಕೆಲಸ ಎಂದು ತೋರಿಸಿಕೊಟ್ಟದ್ದು ‘ಕರ್ವಾಲೋ’ದ ಹೆಚ್ಚುಗಾರಿಕೆ. ಪರಿಸರ ಕಾದಂಬರಿ, ವಿಜ್ಞಾನ ಕಾದಂಬರಿ ಎಂಬ ಹಣೆಪಟ್ಟಿಗಳ ಅಡಿಯಲ್ಲಿ ಈ ಅಂಶ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಅದುವರೆಗೆ ಕನ್ನಡದಲ್ಲಿ ಬೆರಗಿಗೂ ನಗೆಗೂ ಬೇರೆ ಬೇರೆ ಮನೆಗಳಿದ್ದವು. ಬೆರಗು ಮಕ್ಕಳ ಪಾಲಿನದು. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲ ಪ್ರಪಂಚ’ವನ್ನು ಕಟ್ಟಿಕೊಟ್ಟಿದ್ದರು, ರಾಜರತ್ನಂ ಮಕ್ಕಳಿಗಾಗಿ ಪದ್ಯ ಬರೆದಿದ್ದರು. ನಗೆ ಹಾಸ್ಯಲೇಖಕರ ಪಾಲಿನದು. ಕೈಲಾಸಂ ನಾಟಕಗಳು, 1942ರಲ್ಲಿ ಎಂ. ಶಿವರಾಂ (ರಾಶಿ) ಆರಂಭಿಸಿದ ‘ಕೊರವಂಜಿ’, ಆಮೇಲೆ ಬೀಚಿ ಎಲ್ಲರೂ ಆ ಸಾಲಿನಲ್ಲಿ ನಿಲ್ಲುತ್ತಾರೆ. ಗಂಭೀರ ಕಾದಂಬರಿಗೆ ಉಳಿದದ್ದು ತಳಮಳ. ನವ್ಯದ ನಾಯಕ ನಗುವುದೇ ಅಪರೂಪ, ನಕ್ಕರೂ ಅದು ತನ್ನನ್ನೇ ಚುಚ್ಚಿಕೊಳ್ಳುವ ನಗೆ. ಅವನು ಆಕಾಶ ನೋಡಿದರೆ ಅಲ್ಲಿಯೂ ತನ್ನ ಮನಸ್ಸಿನ ಮೋಡವನ್ನೇ ಕಾಣುತ್ತಾನೆ. ಈ ಕಾದಂಬರಿಗಳು ಕನ್ನಡಕ್ಕೆ ತಂದುಕೊಟ್ಟ ಆಳ ದೊಡ್ಡದು. ‘ಶಿಕಾರಿ’ಯೇ ಅದಕ್ಕೆ ಸಾಕ್ಷಿ. ಆದರೆ ದೊಡ್ಡವನಾಗುವುದೆಂದರೆ ಬೆಚ್ಚುವುದು, ಬೇಯುವುದು ಎಂಬ ಒಂದು ನಂಬಿಕೆಯೂ ಅವುಗಳ ಜೊತೆಗೇ ಬೇರೂರಿತು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ತೇಜಸ್ವಿ ನವ್ಯದ ದಾರಿಯಿಂದ ತಾವು ಹೊರಬಂದದ್ದನ್ನು ಸಾರಿದರು. ಹೊರಬಂದು ಸೇರಿದ್ದೆಲ್ಲಿಗೆ ಎಂಬುದು ಪೂರ್ತಿ ಗೊತ್ತಾದದ್ದು ಏಳು ವರ್ಷಗಳ ನಂತರ, ‘ಕರ್ವಾಲೋ’ದಲ್ಲಿ.

ಹಾಗೆಂದು ತೇಜಸ್ವಿ ಆತಂಕವನ್ನು ಬಾಗಿಲಾಚೆ ನಿಲ್ಲಿಸಿ ಕತೆ ಹೇಳಲಿಲ್ಲ. ಇಲ್ಲಿನ ನಿರೂಪಕ ಮೂಡಿಗೆರೆ ಸೀಮೆಯ ರೈತ. ಬೇಸಾಯ ಅವನ ಕೈಕಚ್ಚುತ್ತಿದೆ. ಆಳುಗಳ ತಾಪತ್ರಯ, ಬೆಳೆಯ ತಾಪತ್ರಯ, ದಿನಕ್ಕೊಂದು ರಗಳೆ. ಜಮೀನು ಮಾರಿ ಎಲ್ಲಾದರೂ ಹೊರಟುಬಿಡೋಣ ಎಂಬ ಯೋಚನೆ ಅವನ ತಲೆಯಲ್ಲಿ ಸುಳಿಯುತ್ತಿರುತ್ತದೆ. ಪೇಟೆಯ ಬದುಕನ್ನು ಬಿಟ್ಟು ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ನೆಲೆಸಿದ ಲೇಖಕರಿಗೆ ಈ ಕಷ್ಟ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಅದಕ್ಕೇ ಇಲ್ಲಿನ ಮಲೆನಾಡು ರಮ್ಯವಾದ ಹಸಿರು ಪರದೆಯಾಗದೆ ಕೆಸರು, ಸಾಲ, ಬೇಸರಗಳ ಊರಾಗಿ ಉಳಿಯುತ್ತದೆ. ಈ ಬೇಸರದ ಮನುಷ್ಯನೇ ಕತೆ ಹೇಳುವವನು ಎಂಬುದು ಕಾದಂಬರಿಯ ಮೊದಲ ಜಾಣತನ. ಬೆರಗಿನ ಮಾತನ್ನು ಸದಾ ಬೆರಗುಗಣ್ಣಿನವನೇ ಆಡಿದರೆ ಓದುಗ ನಂಬುವುದಿಲ್ಲ. ತಲೆಬಿಸಿಯವನ ಬಾಯಿಂದ ಬಂದಾಗ ಅದಕ್ಕೆ ತೂಕ ಬರುತ್ತದೆ.

ನಗೆಯ ವಿಷಯಕ್ಕೆ ಬರೋಣ. ‘ಕರ್ವಾಲೋ’ ಓದಿ ನಕ್ಕವರನ್ನು ಯಾವ ಜೋಕಿಗೆ ನಕ್ಕಿರಿ ಎಂದು ಕೇಳಿದರೆ ಉತ್ತರ ಹೊಳೆಯುವುದು ಕಷ್ಟ, ಏಕೆಂದರೆ ಇಲ್ಲಿ ಜೋಕುಗಳಿಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಕಾಳಜಿಯಲ್ಲಿ ಮಹಾ ಗಂಭೀರವಾಗಿ ಮುಳುಗಿರುತ್ತಾನೆ. ಆ ಗಾಂಭೀರ್ಯಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ನಗೆ ಹುಟ್ಟುತ್ತದೆ. ಜೇನು ಬಲ್ಲ ಹಳ್ಳಿ ಹುಡುಗ ಮಂದಣ್ಣನಿಗೆ ಒಂದು ನೌಕರಿ ಬೇಕು, ಜವಾನನದಾದರೂ ಸರಿ, ಏಕೆಂದರೆ ನೌಕರಿಯಿದ್ದರೆ ಹೆಣ್ಣು ಸಿಗುತ್ತದೆ. ದೊಡ್ಡ ವಿಜ್ಞಾನಿ ಎನಿಸಿಕೊಂಡ ಕರ್ವಾಲೋ ಅವನ ಮದುವೆಯ ಉಸಾಬರಿಯನ್ನು ಪ್ರಯೋಗಶಾಲೆಯ ಕೆಲಸದಷ್ಟೇ ಶ್ರದ್ಧೆಯಿಂದ ತಲೆಮೇಲೆ ಹೊತ್ತುಕೊಳ್ಳುತ್ತಾರೆ. ನಿರೂಪಕನಿಗೆ ಇದು ಬಿಡಿಸಲಾಗದ ಒಗಟು. ಇಷ್ಟು ಓದಿದ ಮನುಷ್ಯನಿಗೆ ಈ ಉಡಾಳನ ಸಂಗ ಯಾಕೆ? ಅವನು ಊಹಿಸುತ್ತಾನೆ, ಶಂಕಿಸುತ್ತಾನೆ, ಒಳಗೊಳಗೇ ಸಿಡುಕುತ್ತಾನೆ. ಹಾರುವ ಓತಿಯನ್ನು ಮಂದಣ್ಣ ಕಂಡಿದ್ದಾನೆ ಎಂಬ ಗುಟ್ಟು ಒಡೆಯುವ ಹೊತ್ತಿಗೆ, ಇಷ್ಟು ದಿನ ನಗೆಪಾಟಲಾದದ್ದು ಮಂದಣ್ಣನಲ್ಲ, ಅವನನ್ನು ಅಳೆಯಲು ಹೊರಟ ನಿರೂಪಕನೇ ಎಂದು ಓದುಗನಿಗೆ ಅರಿವಾಗಿರುತ್ತದೆ. ಅವನ ಜೊತೆ ಸೇರಿ ಮಂದಣ್ಣನನ್ನು ಹಗುರವಾಗಿ ಕಂಡ ಓದುಗನಿಗೂ ಅದರಲ್ಲಿ ಪಾಲಿದೆ.

ಹಾಸ್ಯದ ಒರೆಗಲ್ಲು ಇದೇ ಎಂದು ನನಗನ್ನಿಸುತ್ತದೆ: ನಕ್ಕಾದ ಮೇಲೆ, ಯಾರನ್ನು ನೋಡಿ ನಕ್ಕೆವೋ ಅವನು ನಮ್ಮ ಕಣ್ಣಲ್ಲಿ ಕುಗ್ಗಿದನೋ ಹಿಗ್ಗಿದನೋ? ಹಳ್ಳಿಗನನ್ನು ಪೆದ್ದನನ್ನಾಗಿಸಿ ಪೇಟೆಯವರನ್ನು ನಗಿಸುವ ಬರಹ, ಸಿನಿಮಾಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ‘ಕರ್ವಾಲೋ’ದಲ್ಲಿ ಮಂದಣ್ಣ, ಬಿರಿಯಾನಿ ಕರಿಯಪ್ಪ, ಹಾವು ಹಿಡಿಯುವ ಯಂಗ್ಟ ಎಲ್ಲರೂ ನಗಿಸುತ್ತಾರೆ, ಆದರೆ ಒಬ್ಬರೂ ಚಿಕ್ಕವರಾಗುವುದಿಲ್ಲ. ಕರಿಯಪ್ಪನ ಬಗ್ಗೆ ಊರು ಏನೇನೋ ಆಡಿಕೊಂಡರೂ ಮರ ಹತ್ತುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕಾಡಿನಲ್ಲಿ ಆ ವಿದ್ಯೆಯ ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ. ಹೀಗೆ ನಗೆ ಇಲ್ಲಿ ಒಂದು ಕೆಲಸ ಮಾಡುತ್ತದೆ: ಓದಿದವನ ಬಿಗುಮಾನವನ್ನು ಮೆಲ್ಲಗೆ ಸಡಿಲಿಸುತ್ತದೆ. ಬಿಗುಮಾನ ಸಡಿಲದೆ ಬೆರಗು ಒಳಗೆ ಬರುವುದಿಲ್ಲ. ಎಲ್ಲ ಬಲ್ಲೆನೆಂಬವನಿಗೆ ಹುಳುವೂ ಹುಳುವೇ, ಹಕ್ಕಿಯೂ ಹಕ್ಕಿಯೇ. ತೇಜಸ್ವಿಯವರಲ್ಲಿ ನಗೆ ಮೊದಲು, ಬೆರಗು ನಂತರ ಎಂಬ ಕ್ರಮ ಆಕಸ್ಮಿಕವಲ್ಲ.

ಬೆರಗನ್ನೂ ಅವರು ಭಾವೋದ್ರೇಕಕ್ಕೆ ಬಿಡದೆ ನೋಡುವ ಕಸುಬಾಗಿ ಚಿತ್ರಿಸುತ್ತಾರೆ. ಮಂದಣ್ಣನಿಗೆ ಕಾಣುತ್ತದೆ, ಕಂಡದ್ದಕ್ಕೆ ಅವನಲ್ಲಿ ಹೆಸರಿಲ್ಲ. ಕರ್ವಾಲೋ ಅವರಲ್ಲಿ ಹೆಸರಿದೆ, ಜೀವವಿಕಾಸದ ಕೋಟ್ಯಂತರ ವರ್ಷಗಳ ಲೆಕ್ಕವಿದೆ. ಆದರೆ ಓತಿಯನ್ನು ಕಾಣಲು ಅವರಿಗೆ ಮಂದಣ್ಣನ ಕಣ್ಣು ಬೇಕು. ನಿರೂಪಕನಿಗೆ ಎರಡೂ ಅಷ್ಟಕ್ಕಷ್ಟೇ, ಅದಕ್ಕೇ ಅವನು ಕಲಿಯುವವನಾಗುತ್ತಾನೆ. ಮಂದಣ್ಣನ ಮಾತನ್ನು ಕರ್ವಾಲೋ ಒಬ್ಬ ಸಹೋದ್ಯೋಗಿಯ ಮಾತಿನಂತೆ ಕೇಳಿಸಿಕೊಳ್ಳುತ್ತಾರೆ. ಮಕ್ಕಳ ಕುತೂಹಲ ಎಂದು ನಾವು ಕರೆಯುವುದನ್ನು ದೊಡ್ಡವರ ಬದುಕಿನಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಕಾದಂಬರಿ ಕೊಡುವ ಉತ್ತರ ಈ ಕೇಳಿಸಿಕೊಳ್ಳುವಿಕೆಯಲ್ಲಿದೆ. ಮಗುವಿನಂತೆ ನಟಿಸುವುದು, ಮುಗ್ಧತೆಗಾಗಿ ಹಲುಬುವುದು, ಕಳೆದ ಬಾಲ್ಯವನ್ನು ನೆನೆದು ನಿಟ್ಟುಸಿರುಬಿಡುವುದು ಯಾವುದೂ ಇಲ್ಲಿಲ್ಲ. ತನಗೆ ಗೊತ್ತಿಲ್ಲದ್ದು ಇನ್ನೊಬ್ಬನಿಗೆ ಗೊತ್ತಿದೆ ಎಂಬುದನ್ನು ಕಸಿವಿಸಿಯಿಲ್ಲದೆ ಒಪ್ಪಿಕೊಳ್ಳುವ ಪ್ರೌಢತೆ ಇದೆ.

ಕಾದಂಬರಿಯ ಹೆಣಿಗೆಯೂ ಇದಕ್ಕೆ ತಕ್ಕಂತಿದೆ. ಓತಿಯ ಸುದ್ದಿ ಬಹಳ ಹೊತ್ತು ಮರೆಯಲ್ಲೇ ಇರುತ್ತದೆ. ಅಲ್ಲಿಯತನಕ ಜೇನು, ನೌಕರಿ, ಮದುವೆ, ಪೊಲೀಸು ಎಂಬ ಲೌಕಿಕದ ಗೊಂದಲಗಳಲ್ಲೇ ಪುಟಗಳು ಸರಿಯುತ್ತವೆ. ದಿನನಿತ್ಯದ ರಗಳೆ ಒಂದು ಕಡೆ, ಅದ್ಭುತ ಇನ್ನೊಂದು ಕಡೆ ಎಂದು ಎರಡು ಲೋಕ ಮಾಡದೆ, ರಗಳೆಯ ದಾರಿಯಲ್ಲೇ ನಡೆಸಿಕೊಂಡು ಹೋಗಿ ಅದ್ಭುತದ ಮುಂದೆ ನಿಲ್ಲಿಸುವ ಉಪಾಯವಿದು. ಕೊನೆಯಲ್ಲಿ ಓತಿ ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ. ಕಣಿವೆಯ ಕಡೆಗೆ ತೇಲಿಹೋಗುತ್ತದೆ. ಲೆಕ್ಕದ ಪ್ರಕಾರ ಇದು ಸೋಲು, ಆದರೂ ಪುಸ್ತಕ ಮುಚ್ಚುವಾಗ ಸೋಲಿನ ಭಾವವಿಲ್ಲ. ರೈತನ ಸಾಲ ತೀರಿಲ್ಲ, ಆಳುಗಳು ಬಂದಿಲ್ಲ, ಬೇಸಾಯ ಲಾಭಕ್ಕೆ ತಿರುಗಿಲ್ಲ. ಬದಲಾದದ್ದು ಇಷ್ಟೇ: ಅವನ ಚಿಂತೆ ಜಗತ್ತಿನ ನಟ್ಟನಡುವಿನ ಪೀಠದಿಂದ ಇಳಿದು ಒಂದು ಪಕ್ಕಕ್ಕೆ ಸರಿದು ಕೂತಿದೆ. ನಾಗಪ್ಪನಿಗೆ ಸಿಗದೇ ಹೋದ ಬಿಡುಗಡೆ ಇದು. ಅವನ ಲೋಕದಲ್ಲಿ ಮನುಷ್ಯರನ್ನು ಬಿಟ್ಟು ಇನ್ನೇನೂ ಇರಲಿಲ್ಲ.

ಇಷ್ಟು ಮೆಚ್ಚಿದ ಮೇಲೂ ತಕರಾರುಗಳಿವೆ. ಮೊದಲನೆಯದು ಓತಿಯ ಬಗ್ಗೆಯೇ. ಕಾದಂಬರಿ ಅದನ್ನು ಕಾಲದ ಆಳದಿಂದ ಹೇಗೋ ಉಳಿದುಬಂದ, ಲೋಕಕ್ಕೆ ಕಾಣಸಿಗದ ಜೀವಿಯನ್ನಾಗಿ ಕಟ್ಟುತ್ತದೆ. ಆದರೆ ಪಶ್ಚಿಮಘಟ್ಟದಲ್ಲಿ ನಿಜವಾಗಿಯೂ ಒಂದು ಹಾರುವ ಓತಿ ಇದೆ, ಮತ್ತು ಅದು ಅಡಿಕೆ ತೋಟದಲ್ಲೂ ವಾಸಿಸುತ್ತದೆ. ಗೇಣುದ್ದದ ಪ್ರಾಣಿ, ತೊಗಟೆಯ ಬಣ್ಣಕ್ಕೆ ಬಣ್ಣ ಬೆರೆಸಿಕೊಂಡು ಮರಕ್ಕೆ ಅಂಟಿ ಕೂತಿರುತ್ತದೆ. ಇರುವೆ ತಿನ್ನುತ್ತದೆ. ಗಂಡು ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಿಚ್ಚಿ ಮುಚ್ಚಿ ಮಾಡುತ್ತದೆ. ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವೇ ಅದರ ರೆಕ್ಕೆ. ಅದನ್ನು ಬಿಚ್ಚಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿಯುತ್ತದೆ. ತೋಟಕ್ಕೆ ಹೋಗಿಬರುವವರು ಇದನ್ನು ನೋಡಿಯೂ ನೋಡದಂತೆ ದಾಟಿಹೋಗುವುದುಂಟು. ಕಾದಂಬರಿಕಾರನಿಗೆ ಕಲ್ಪನೆಯ ಸ್ವಾತಂತ್ರ್ಯವಿದೆ, ಸರಿ. ಆದರೆ ಬೆರಗಿಗೆ ಅಪರೂಪವೇ ಆಧಾರವೆಂದಾದರೆ, ಓತಿ ಹಾರಿಹೋದ ಮೇಲೆ ರೈತನಿಗೆ ಉಳಿಯುವುದೇನು? ಪುಸ್ತಕದ ಒಳ್ಳೆಯ ಭಾಗಗಳೇ ಈ ವಾದಕ್ಕೆ ವಿರುದ್ಧವಾಗಿವೆ. ಮಂದಣ್ಣ ಜೇನನ್ನು ಗಮನಿಸುವ ರೀತಿಯಲ್ಲಿ ಅಪರೂಪದ್ದು ಏನೂ ಇಲ್ಲ, ಬೆರಗು ಮಾತ್ರ ತುಂಬಿದೆ. 1991ರ ‘ಪರಿಸರದ ಕತೆ’ಯ ಹೊತ್ತಿಗೆ ತೇಜಸ್ವಿಯವರೇ ಆ ಕಡೆಗೆ ಸರಿದಿದ್ದರು. ಅಲ್ಲಿ ಮನೆಯ ನಾಯಿ, ಹಕ್ಕಿಮರಿ, ತೋಟದ ಸುತ್ತಲಿನ ಕಾಡು ಇವೇ ಕತೆಗೆ ಸಾಕಾಗುತ್ತವೆ.

ಎರಡನೆಯ ತಕರಾರು ಕರ್ವಾಲೋ ಅವರ ಉಪನ್ಯಾಸಗಳ ಬಗ್ಗೆ. ಕತೆ ತಾನಾಗಿಯೇ ತೋರಿಸಿದ್ದನ್ನು ವಿಜ್ಞಾನಿ ಮತ್ತೊಮ್ಮೆ ವಿವರಿಸುವ ಕಡೆ ಕಾದಂಬರಿಯ ಉಸಿರು ಭಾರವಾಗುತ್ತದೆ. ಮೂರನೆಯದು ಇನ್ನೂ ದೊಡ್ಡದು: ಈ ಯಾತ್ರೆ ಪೂರ್ತಿ ಗಂಡಸರದು. ಮಂದಣ್ಣನ ಮದುವೆಗೆ ಅಷ್ಟು ಪುಟ ಕೊಟ್ಟ ಕಾದಂಬರಿ ಅವನ ಹೆಂಡತಿ ರಾಮಿಯ ಕಣ್ಣಿಗೆ ಲೋಕ ಹೇಗೆ ಕಾಣುತ್ತದೆ ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ. ಕೆಲಸ ಬಿಟ್ಟು ಕಾಡಿಗೆ ಹೋಗುವ ಪುರುಸೊತ್ತು ಯಾರಿಗಿದೆ, ಮನೆಯಲ್ಲಿ ಉಳಿದು ಅವರ ಪಾಲಿನ ಕೆಲಸ ಮಾಡುವವರು ಯಾರು? ಬೆರಗು ಎಲ್ಲರ ಹಕ್ಕು ಎಂದು ಸೂಚಿಸುವ ಕೃತಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಜಾತಿ, ಓದು, ಅಂತಸ್ತುಗಳ ಗೋಡೆಯನ್ನು ಇಷ್ಟು ಸಲೀಸಾಗಿ ದಾಟಿದ ತೇಜಸ್ವಿಯವರ ಪಯಣ ಈ ಗೋಡೆಯ ಮುಂದೆ ನಿಂತುಬಿಟ್ಟಿದೆ.

ನಗೆ, ಬೆರಗುಗಳ ನಂಟು ಎಷ್ಟು ಬಿಗಿಯಾದದ್ದು ಎಂಬುದನ್ನು ಪರೀಕ್ಷಿಸಲು ಅವರದೇ ಇನ್ನೊಂದು ಕಾದಂಬರಿಯನ್ನು ಪಕ್ಕಕ್ಕಿಟ್ಟು ನೋಡಬೇಕು. 1985ರ ‘ಚಿದಂಬರ ರಹಸ್ಯ’ದ ಕೆಸರೂರಿನಲ್ಲಿ ನಗೆಗೆ ಬರವಿಲ್ಲ. ಏಲಕ್ಕಿ ಇಳುವರಿ ಕುಸಿದ ಗುಟ್ಟನ್ನು ಹುಡುಕಿ ಬಂದ ಅಧಿಕಾರಿ, ಊರ ಪುಢಾರಿಗಳು, ಕ್ರಾಂತಿಯ ಮಾತಾಡುವ ಹುಡುಗರು, ಪಿತೂರಿ, ವದಂತಿ ಎಲ್ಲವೂ ನಗಿಸುತ್ತವೆ. ಆದರೆ ಅಲ್ಲಿ ಎಲ್ಲರೂ ಒಟ್ಟಾಗಿ ತಲೆಯೆತ್ತಿ ನೋಡುವಂಥ ಒಂದು ಓತಿಯಿಲ್ಲ. ಹಾಗಾಗಿ ನಗೆ ಪುಟದಿಂದ ಪುಟಕ್ಕೆ ಕಹಿಯಾಗುತ್ತ ಹೋಗಿ, ಊರಿಗೆ ಬೆಂಕಿ ಬೀಳುವಲ್ಲಿಗೆ ಬಂದು ಮುಟ್ಟುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ಕೃತಿಗೇ, ಸಮಾಜದ ವಿಮರ್ಶೆಯಾಗಿ ಇದು ಹೆಚ್ಚು ಹರಿತವೂ ಹೌದು. ಆದರೆ ಬೆರಗು ಜೊತೆಗಿಲ್ಲದ ನಗೆ ಲೇವಡಿಯಾಗುತ್ತದೆ ಎಂಬುದನ್ನೂ ಇದು ತಿಳಿಸುತ್ತದೆ. ನಗೆಯಿಲ್ಲದ ಬೆರಗು ಭಜನೆಯಾಗುತ್ತದೆ ಎಂಬುದಕ್ಕೆ ಪ್ರಕೃತಿ ವರ್ಣನೆಯ ಎಷ್ಟೋ ಪುಸ್ತಕಗಳು ನಮ್ಮ ಕಪಾಟಿನಲ್ಲೇ ಇವೆ. ಎರಡನ್ನೂ ಜೋಡಿಯಾಗಿ ನಡೆಸಿದ್ದು ‘ಕರ್ವಾಲೋ’.

ಇಂದು ಅಭಿಮಾನಿಗಳು ತೇಜಸ್ವಿಯವರನ್ನು ಕಾಡಿನ ಋಷಿಯಾಗಿಸಿದ್ದಾರೆ. ಶನಿವಾರ ಪೇಟೆ ಬಿಟ್ಟು ಬೆಟ್ಟ ಹತ್ತಿ, ಫೋಟೋ ತೆಗೆದುಕೊಂಡು, ಸೋಮವಾರದ ಒತ್ತಡಕ್ಕೆ ಮತ್ತೆ ಅಣಿಯಾಗುವವರಿಗೆ ಬೆರಗು ಒಂದು ಔಷಧಿ. ಅದರಲ್ಲಿ ತಪ್ಪೇನಿಲ್ಲ, ಆದರೆ ‘ಕರ್ವಾಲೋ’ ಹೇಳುವುದು ಅದನ್ನಲ್ಲ. ಕಾಡಿಗೆ ಹೊರಡುವ ಮೊದಲೇ ಅದರ ನಿರೂಪಕ ಬದಲಾಗತೊಡಗಿರುತ್ತಾನೆ. ಬದಲಾಯಿಸಿದ್ದು ಪಕ್ಕದ ಹಳ್ಳಿಯ ಒಬ್ಬ ಹುಡುಗ, ಅವನ ಮದುವೆಯ ತಲೆನೋವು, ಅವನ ಮಾತಿಗೆ ಕಿವಿಗೊಟ್ಟ ಒಬ್ಬ ವಿಜ್ಞಾನಿ. ಒಂಟಿಯಾಗಿ ಬೆಟ್ಟದ ತುದಿಯಲ್ಲಿ ನಿಂತರೆ ಸಿಗುವ ಶಾಂತಿಗಿಂತ, ನಾಲ್ಕಾರು ಮಂದಿ ಜಗಳವಾಡಿಕೊಂಡು, ನಗಾಡಿಕೊಂಡು, ಒಂದೇ ಮರದ ಕಡೆ ಕತ್ತೆತ್ತಿ ನಿಲ್ಲುವುದು ಈ ಕಾದಂಬರಿಗೆ ಮುಖ್ಯ. ಹೆಣ್ಣುಮಕ್ಕಳನ್ನು ಹೊರಗಿಟ್ಟ ಆ ಗುಂಪು ಅಪೂರ್ಣವಾದದ್ದು ನಿಜ. ಅದನ್ನು ಪೂರ್ಣಗೊಳಿಸುವ ಕೆಲಸ ತೇಜಸ್ವಿಯವರ ನಂತರ ಬರೆಯುವವರದು. ತೇಜಸ್ವಿಯವರನ್ನು ಮೆಚ್ಚುತ್ತಲೇ ಇರುವುದಕ್ಕಿಂತ ಆ ಕೆಲಸಕ್ಕೆ ಕೈಹಚ್ಚುವುದು ಅವರಿಗೆ ಹೆಚ್ಚು ಒಪ್ಪುವ ಗೌರವ.