ನೆಟ್ಟಗೆ ನಿಲ್ಲದೆಯೂ ಬೆಳೆದವನು

ಕಾದಂಬರಿಯೊಳಗೆ ನಡೆಯಲಾಗದ ಮಗು ಬಂದರೆ ಕೊನೆಯ ಪುಟಗಳಲ್ಲಿ ಅದು ಎದ್ದು ನಡೆಯಲೇಬೇಕು ಎಂಬುದು ಹಳೆಯ ರೂಢಿ. ‘ಹೈಡಿ’ಯ ಕ್ಲಾರಾ ಆಲ್ಪ್ಸ್ ಬೆಟ್ಟದ ಗಾಳಿಗೆ ಗಾಲಿಕುರ್ಚಿ ಬಿಟ್ಟೇಳುತ್ತಾಳೆ. 1911ರ ‘ದಿ ಸೀಕ್ರೆಟ್ ಗಾರ್ಡನ್’ನ ಕಾಲಿನ್ ತೋಟದಲ್ಲಿ ಓಡುತ್ತಾನೆ. ಮನಸ್ಸು ತಿಳಿಯಾದರೆ ಮೈಯೂ ಸರಿಹೋಗುತ್ತದೆ ಎನ್ನುವ ಈ ಕಥೆಗಳು, ಮೈ ಸರಿಹೋಗದವರ ಬದುಕು ಅಪೂರ್ಣವೆಂದು ಹೇಳದೆಯೇ ಹೇಳಿಬಿಡುತ್ತವೆ. ಇಂದ್ರಾ ಸಿನ್ಹಾ ಅವರ ‘ಅನಿಮಲ್ಸ್ ಪೀಪಲ್’ (2007) ಆ ಮಾತನ್ನು ಒಪ್ಪುವುದಿಲ್ಲ.

ಕಥೆ ನಡೆಯುವುದು ಖೌಫ್‌ಪುರದಲ್ಲಿ. ಹೆಸರು ಕಲ್ಪಿತ, ಊರು ಮಾತ್ರ 1984ರ ಡಿಸೆಂಬರ್‌ನಲ್ಲಿ ಯೂನಿಯನ್ ಕಾರ್ಬೈಡ್‌ನ ವಿಷಾನಿಲ ಕುಡಿದ ಭೋಪಾಲವೇ. ಆ ರಾತ್ರಿ ಹಸುಗೂಸಾಗಿದ್ದ ನಾಯಕನಿಗೆ ಆರನೇ ವಯಸ್ಸಿನಲ್ಲಿ ಜ್ವರ ಬಂದು ಬೆನ್ನು ಬಾಗುತ್ತದೆ. ಅಂದಿನಿಂದ ಅವನದು ನಾಲ್ಕು ಕಾಲಿನ ನಡಿಗೆ. ಅನಾಥಾಲಯದ ಹುಡುಗರು ಅಣಕಿಸಿ ಇಟ್ಟ ‘ಅನಿಮಲ್’ ಎಂಬ ಹೆಸರೇ ಉಳಿಯುತ್ತದೆ. ಹತ್ತೊಂಬತ್ತರ ಅಂಚಿನಲ್ಲಿರುವ ಅವನು ವಿದೇಶಿ ಪತ್ರಕರ್ತನೊಬ್ಬನ ಟೇಪ್ ರೆಕಾರ್ಡರ್‌ಗೆ ಹೇಳಿಕೊಂಡ ಕಥೆ 23 ಟೇಪ್‌ಗಳಾಗಿ ನಮ್ಮೆದುರಿಗಿದೆ. ಬಾಯಿ ಹೊಲಸು, ಬುದ್ಧಿ ಚುರುಕು. ನಮ್ಮ ಕನಿಕರವನ್ನು ಅವನು ಮೊದಲ ಟೇಪಿನಲ್ಲೇ ಒದ್ದು ಆಚೆ ಹಾಕುತ್ತಾನೆ.

ಸಿನ್ಹಾ ಅವನನ್ನು ಒಳ್ಳೆಯ ಹುಡುಗನನ್ನಾಗಿ ಮಾಡದಿರುವುದೇ ಈ ಕೃತಿಯ ದೊಡ್ಡ ಗೆಲುವು. ಅವನು ಮರ ಹತ್ತಿ ಹೆಂಗಸರ ಕೋಣೆಗೆ ಕದ್ದು ಇಣುಕುತ್ತಾನೆ. ಗೆಳತಿ ನಿಶಾಳ ಮೇಲಿನ ಆಸೆ ಮತ್ಸರವಾಗಿ ತಿರುಗಿ, ಅವಳು ಮೆಚ್ಚಿದ ಹೋರಾಟಗಾರ ಜಫರ್‌ನ ಚಹಾಕ್ಕೆ ದತ್ತೂರಿ ಬೆರೆಸುತ್ತಾನೆ. ಅದೂ ಒಂದೇ ಸಲವಲ್ಲ, ದಿನ ದಿನವೂ ಸ್ವಲ್ಪ ಸ್ವಲ್ಪ. ಮನುಷ್ಯರ ನೀತಿ ನಿಯಮ ತನಗೆ ಅನ್ವಯಿಸವು, ತಾನು ಮೃಗ ತಾನೇ ಎಂಬ ಜಾಣ ನೆಪ ಬೇರೆ. ಆ ನೆಪ ಸವೆಯುತ್ತ ಹೋಗುವುದೇ ಅವನ ಬೆಳವಣಿಗೆ. ನಿಶಾ ಮದುವೆಗೆ ಒಲ್ಲೆನೆಂದಾಗ, ಜಫರ್ ಸತ್ತನೆಂದು ನಂಬಿದಾಗ, ಉಳಿದ ದತ್ತೂರಿಯನ್ನು ತಾನೇ ನುಂಗಿ ಕಾಡು ಸೇರುತ್ತಾನೆ. ಅಲ್ಲಿಗೆ ಅವನನ್ನು ಹುಡುಕಿಕೊಂಡು ಬಂದವರಲ್ಲಿ ಜಫರ್ ಕೂಡ ಇದ್ದಾನೆ. ವಿಷ ಉಂಡವನೇ ವಿಷ ಇಟ್ಟವನನ್ನು ತನ್ನವನೆಂದು ಕರೆದೊಯ್ಯುವಾಗ, ಮೃಗವೆಂಬ ನೆಪಕ್ಕೆ ಜಾಗವೇ ಉಳಿಯುವುದಿಲ್ಲ.

ಇದಾದ ಮೇಲೆ ಬರುವುದರಿಂದಲೇ ಶಸ್ತ್ರಚಿಕಿತ್ಸೆಯ ಪ್ರಶ್ನೆಗೆ ತೂಕ ಬರುತ್ತದೆ. ಅಮೆರಿಕದಲ್ಲಿ ಬೆನ್ನು ನೆಟ್ಟಗೆ ಮಾಡಿಸಲು ಡಾಕ್ಟರ್ ಎಲಿ ವ್ಯವಸ್ಥೆ ಮಾಡಿದ್ದಾಳೆ. ಇಡೀ ಕಾದಂಬರಿ ಅವನು ಕನಸಿದ್ದು ಅದನ್ನೇ. ಆದರೆ ಅವನ ಲೆಕ್ಕ ಬೇರೆ: ನೆಟ್ಟಗಾದರೂ ಊರುಗೋಲು ತಪ್ಪದು, ಗಾಲಿಕುರ್ಚಿ ಸಿಕ್ಕರೂ ಖೌಫ್‌ಪುರದ ಗಲ್ಲಿಗಳಲ್ಲಿ ಅದು ಎಷ್ಟು ದೂರ ಹೋದೀತು? ಈಗಾದರೋ ಓಡಬಲ್ಲ, ಮರ ಹತ್ತಬಲ್ಲ, ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಳ್ಳಬಲ್ಲ. ಹಾಗಾಗಿ ಬೇಡವೆನ್ನುತ್ತಾನೆ. ಆದರ್ಶದ ಭಾಷಣವಿಲ್ಲದೆ, ಗಲ್ಲಿಯ ಅಗಲ ಅಳೆದು ತೆಗೆದುಕೊಂಡ ತೀರ್ಮಾನವಿದು. ಅದಕ್ಕೇ ನಂಬಿಕೆ ಹುಟ್ಟಿಸುತ್ತದೆ.

ಕೊರತೆ ಇರುವುದು ಇದರ ಮರುಗಳಿಗೆಯಲ್ಲಿ. ಕೂಡಿಟ್ಟ ಹಣ ಕೊಟ್ಟು ಅವನು ಅಂಜಲಿಯನ್ನು ವೇಶ್ಯಾಗೃಹದಿಂದ ಬಿಡಿಸುತ್ತಾನೆ, ಅವಳು ತನ್ನೊಡನೆ ಬಾಳುವಳೆಂದು. ಅವಳ ಬಿಡುಗಡೆ ನಮಗೂ ಬೇಕಾದ್ದೇ. ಆದರೆ ಅವಳ ಮನಸ್ಸಿನಲ್ಲೇನಿದೆ ಎಂದು ತಿಳಿಯುವಷ್ಟು ಜಾಗವನ್ನು ಕಾದಂಬರಿ ಅವಳಿಗೆ ಕೊಟ್ಟೇ ಇಲ್ಲ. ನಿಶಾಳೂ ಬಹುಪಾಲು ಅವನ ಹಂಬಲದ ಗುರಿಯಾಗಿಯೇ ಉಳಿಯುತ್ತಾಳೆ. ಅನಿಮಲ್ ತನ್ನ ದೇಹವನ್ನು ನೋಡುವ ಕಣ್ಣು ಬದಲಾದಷ್ಟು ಹೆಣ್ಣನ್ನು ನೋಡುವ ಕಣ್ಣು ಬದಲಾಗಿಲ್ಲ. ಇದನ್ನು ಪಾತ್ರದ ಮಿತಿ ಎಂದು ಮನ್ನಿಸಬಹುದಿತ್ತು, ಕೃತಿಯೂ ಅದನ್ನು ಮಿತಿಯೆಂದು ಕಂಡಿದ್ದರೆ.

ಹಾಗಿದ್ದೂ ಬೂಕರ್ ಅಂತಿಮ ಪಟ್ಟಿಗೇರಿದ ಈ ಕಾದಂಬರಿಯ ಸಾಧನೆ ಸಣ್ಣದಲ್ಲ. ಒಬ್ಬನು ಬೆಳೆದನೇ ಎಂದು ತಿಳಿಯಲು ಅವನ ಬೆನ್ನುಮೂಳೆಯನ್ನಲ್ಲ, ತಾನು ಕೆಡುಕು ಮಾಡಿದವರ ಮುಂದೆ ಅವನು ಹೇಗೆ ನಿಲ್ಲುತ್ತಾನೆಂಬುದನ್ನು ನೋಡಬೇಕೆಂದು ಅದು ಮನಗಾಣಿಸುತ್ತದೆ. ಬಾಗಿದ ಬೆನ್ನಿಗೆ ಕಾರಣವಾದ ಕಂಪನಿ ಕಟಕಟೆಗೆ ಬಾರದೆ ನುಣುಚಿಕೊಳ್ಳುತ್ತಿರುವಾಗ, ಬದಲಾಗಬೇಕಾದವರು ಯಾರೆಂಬ ಪ್ರಶ್ನೆಯನ್ನೂ ಅದು ಸರಿಯಾದ ವಿಳಾಸಕ್ಕೇ ಕಳಿಸುತ್ತದೆ.